ಮಸಲ್ ಲಿಬ್‌ಸಿ ರಿವ್ಯೂ: ಸ್ಟ್ಯಾಟಿಕ್ ಬೈನರಿ, ಒಳಗೆ ಥ್ರೆಡ್‌ಗಳು

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ಓಡುವ ಕೆಲಸದ ಎಳೆ) ಬಳಸುವ ಸಿ ಅಥವಾ ಸಿ++ ಪ್ರೋಗ್ರಾಂ ಒಂದನ್ನು ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿ, ಅಂದರೆ ಬೇಕಾದ ಲೈಬ್ರರಿ ಕೋಡನ್ನೆಲ್ಲ ಒಳಗೇ ತುಂಬಿ, ಒಂದೇ ಫೈಲ್ ಮಾಡಿ, ಯಾವ ಲಿನಕ್ಸ್ ಸರ್ವರ್‌ಗೆ ಬೇಕಾದರೂ ಹಾಕಬೇಕು ಅಂದರೆ ಮಸಲ್ ಅನ್ನುವ ಸಿ ಲೈಬ್ರರಿ ಒಳ್ಳೆಯ ಆಯ್ಕೆ. ಐದಕ್ಕೆ ನಾಲ್ಕು ಸ್ಟಾರ್. ಆದರೆ ಥ್ರೆಡ್‌ನ ಸ್ಟ್ಯಾಕ್ (ಫಂಕ್ಷನ್‌ಗಳ ಲೋಕಲ್ ವೇರಿಯಬಲ್‌ಗಳು ಕೂರುವ ಮೆಮೊರಿ) ಎಷ್ಟಿರಬೇಕು ಅಂತ ನೀವೇ ಹೇಳಬೇಕು, ಕೇಳಿದಾಗ ಮೆಮೊರಿ ಹಂಚುವ ಮ್ಯಾಲಾಕ್ ಅನ್ನು ಬಹುಶಃ ಬದಲಾಯಿಸಬೇಕು. ಇವೆರಡನ್ನೂ ಮಾಡದೆ ಸುಮ್ನೆ ಬಿಲ್ಡ್ ಮಾಡಿ ಪ್ರೊಡಕ್ಷನ್‌ಗೆ ಕಳಿಸುವವರಿಗೆ ಎರಡೇ ಸ್ಟಾರ್.

ಇದನ್ನು ಬರೆಯಬೇಕು ಅನಿಸಿದ್ದು ಮಸಲ್ ಮೇಲಿನ ದೂರುಗಳನ್ನು ಕೇಳಿ ಕೇಳಿ. ಅರ್ಧ ದೂರು ನಿಜವಾಗಿ ಸ್ಟ್ಯಾಟಿಕ್ ಲಿಂಕಿಂಗ್‌ನದು, ಅದನ್ನು ಮಸಲ್ ತಲೆಗೆ ಕಟ್ಟುತ್ತಾರೆ. ಇನ್ನರ್ಧ ಮಸಲ್‌ನದೇ, ಅದಕ್ಕೆ ‘ಸ್ಟ್ಯಾಟಿಕ್ ಅಂದ್ರೆ ಹಾಗೇನೇ’ ಅಂತ ಸಮಾಧಾನ ಹೇಳಿಕೊಳ್ಳುತ್ತಾರೆ. ಯಾವುದು ಯಾರದ್ದು ಅಂತ ಗೊತ್ತಿಲ್ಲದಿದ್ದರೆ ತಪ್ಪು ಕಡೆ ರಿಪೇರಿ ಮಾಡುತ್ತಾ ಕೂರಬೇಕಾಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಸಲ್ ಅನ್ನುವುದು ಲಿನಕ್ಸ್‌ಗೆ ಬರೆದ ಸಿ ಲೈಬ್ರರಿ. ರಿಚ್ ಫೆಲ್ಕರ್ ಶುರು ಮಾಡಿದ್ದು, ಮೊದಲ ಬಿಡುಗಡೆ 2011ರಲ್ಲಿ. ಲೈಸೆನ್ಸ್ ಎಂಐಟಿ. ಆಲ್ಪೈನ್ ಲಿನಕ್ಸ್ ನಿಂತಿರುವುದು ಇದರ ಮೇಲೆ, ರೂಟರ್‌ಗಳಲ್ಲಿ ಹಾಕುವ ಓಪನ್‌ಡಬ್ಲ್ಯೂಆರ್‌ಟಿ ಕೂಡ. ಅಂದರೆ ಡಾಕರ್‌ನಲ್ಲಿ ಆಲ್ಪೈನ್ ಇಮೇಜ್ ಎಳೆದಿದ್ದರೆ ನೀವು ಈಗಾಗಲೇ ಮಸಲ್ ಬಳಸಿದ್ದೀರಿ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನಲ್ಲೆಲ್ಲ ಇರುವುದು ಜಿಲಿಬ್‌ಸಿ. ಈ ರಿವ್ಯೂ ಉದ್ದಕ್ಕೂ ಹೋಲಿಕೆ ಇರುವುದು ಅದರ ಜೊತೆ.

ಜನ ಸ್ಟ್ಯಾಟಿಕ್ ಕಡೆ ಬರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. ಉಬುಂಟು 22.04ರಲ್ಲಿ ಬಿಲ್ಡ್ ಮಾಡಿದ್ದನ್ನು 20.04 ಇರುವ ಸರ್ವರ್‌ಗೆ ಹಾಕಿದರೆ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅನ್ನುವ ಎರರ್ ಬಂದು ಪ್ರೋಗ್ರಾಂ ಶುರುವೇ ಆಗುವುದಿಲ್ಲ. 22.04ರಲ್ಲಿರುವುದು 2.35, 20.04ರಲ್ಲಿರುವುದು 2.31. ನೀವು 2.34ರ ಹೊಸ ಫಂಕ್ಷನ್ ಒಂದನ್ನೂ ಕರೆದಿರುವುದಿಲ್ಲ, ಆದರೂ ಬರುತ್ತದೆ. ಯಾಕೆಂದರೆ 2.34ರಲ್ಲಿ ಥ್ರೆಡ್ ಹುಟ್ಟಿಸುವ ಪಿಥ್ರೆಡ್_ಕ್ರಿಯೇಟ್, ಮೇನ್ ಫಂಕ್ಷನ್ ಅನ್ನು ಕರೆಯುವ ಶುರುವಿನ ಕೋಡ್, ಇಂಥವಕ್ಕೆಲ್ಲ ಹೊಸ ವರ್ಷನ್ ಚೀಟಿ ಅಂಟಿಸಿದರು. ಗ್ರಾಹಕರ ಹತ್ತಿರ ಸೆಂಟ್‌ಒಎಸ್ 7 ಇದ್ದರಂತೂ ಮುಗೀತು, ಅದರಲ್ಲಿರುವುದು 2.17. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್‌ಗೆ ನಿಂತಿದೆ, ಆದರೆ ಸರ್ವರ್‌ಗಳು ನಿಲ್ಲಬೇಕಲ್ಲ.

ಆಗ ಯಾರೋ ಒಬ್ಬರು ‘ಸ್ಟ್ಯಾಟಿಕ್ ಮಾಡಿಬಿಡಿ’ ಅನ್ನುತ್ತಾರೆ. ಸೋರ್ಸ್ ಅದೇ, ಕಂಪೈಲರ್ ಅದೇ, ಕೊನೆಯಲ್ಲಿ ಒಂದು ಫ್ಲ್ಯಾಗ್ ಜಾಸ್ತಿ, ಅಷ್ಟೇ ತಾನೇ? ಕರ್ನಲ್ ಮಟ್ಟಿಗೆ, ಅಂದರೆ ಲಿನಕ್ಸ್‌ನ ತಿರುಳಿನ ಮಟ್ಟಿಗೆ, ಅಷ್ಟೇ. ಥ್ರೆಡ್ ಹುಟ್ಟುವುದು ಕ್ಲೋನ್ ಸಿಸ್ಟಂ ಕಾಲ್‌ನಿಂದ, ಲಾಕ್‌ಗೆ (ಒಂದು ಸಲಕ್ಕೆ ಒಂದೇ ಥ್ರೆಡ್ ಅನ್ನು ಒಳಗೆ ಬಿಡುವ ಬೀಗಕ್ಕೆ) ಕಾಯುವುದು ಫ್ಯೂಟೆಕ್ಸ್ ಅನ್ನುವ ಇನ್ನೊಂದು ಕಾಲ್‌ನಲ್ಲಿ. ಬೈನರಿ ಸ್ಟ್ಯಾಟಿಕ್ಕೋ ಡೈನಾಮಿಕ್ಕೋ (ಓಡುವಾಗ ಲೈಬ್ರರಿಯನ್ನು ಹೊರಗಿನಿಂದ ತರಿಸಿಕೊಳ್ಳುವಂಥದ್ದೋ) ಅಂತ ಕರ್ನಲ್ ತಲೆಕೆಡಿಸಿಕೊಳ್ಳುವುದಿಲ್ಲ. ವ್ಯತ್ಯಾಸ ಇರುವುದೆಲ್ಲ ಕರ್ನಲ್‌ಗೂ ನಿಮ್ಮ ಕೋಡ್‌ಗೂ ನಡುವೆ ಕೂತಿರುವ ಲೈಬ್ರರಿಯಲ್ಲಿ, ಮತ್ತು ಆ ಲೈಬ್ರರಿಯ ಯಾವ ಚೂರು ನಿಮ್ಮ ಬೈನರಿ ಒಳಗೆ ಬಂತು, ಯಾವುದು ಬರಲಿಲ್ಲ ಅನ್ನುವುದರಲ್ಲಿ.

ಈ ‘ಬರಲಿಲ್ಲ’ ಅನ್ನುವ ಭಾಗದಿಂದಲೇ ಶುರು ಮಾಡೋಣ. ಇದು ಹಳೆಯ ಜಿಲಿಬ್‌ಸಿಯ ಕಥೆ. ಇದು ಗೊತ್ತಾದರೆ ಮಸಲ್ ಯಾಕೆ ಇಷ್ಟವಾಗುತ್ತದೆ ಅಂತಲೂ ಗೊತ್ತಾಗುತ್ತದೆ.

2.34ಕ್ಕಿಂತ ಮುಂಚೆ ಜಿಲಿಬ್‌ಸಿಯಲ್ಲಿ ಥ್ರೆಡ್ ಕೋಡ್ ಲಿಬ್‌ಪಿಥ್ರೆಡ್ ಅನ್ನುವ ಬೇರೆ ಲೈಬ್ರರಿಯಲ್ಲಿ ಇರುತ್ತಿತ್ತು. ಥ್ರೆಡ್ ಬೇಡದ ಪ್ರೋಗ್ರಾಂ ಸುಮ್ನೆ ಲಾಕ್‌ನ ಖರ್ಚು ಯಾಕೆ ಹೊರಬೇಕು ಅಂತ ಜಿಸಿಸಿ ಕಂಪೈಲರ್‌ನವರು ಒಂದು ಉಪಾಯ ಮಾಡಿದ್ದರು. ಸಿ++ ಲೈಬ್ರರಿ ಒಳಗೆ ಪಿಥ್ರೆಡ್ ಫಂಕ್ಷನ್‌ಗಳನ್ನು ನೇರವಾಗಿ ಕರೆಯದೆ ವೀಕ್ ಸಿಂಬಲ್ ಆಗಿ ಇಟ್ಟಿದ್ದರು. ಪ್ರೋಗ್ರಾಂನಲ್ಲಿ ಪಿಥ್ರೆಡ್ ಇದ್ದರೆ ಆ ಸಿಂಬಲ್‌ಗೆ ವಿಳಾಸ ಸಿಗುತ್ತದೆ, ಆಗ ಲಾಕ್ ಹಾಕು. ಇಲ್ಲದಿದ್ದರೆ ವಿಳಾಸ ಸೊನ್ನೆ, ಅಂದರೆ ಇದು ಸಿಂಗಲ್ ಥ್ರೆಡ್ ಪ್ರೋಗ್ರಾಂ, ಲಾಕ್ ಬೇಡ. ಶೇರ್ಡ್ ಪಾಯಿಂಟರ್‌ನ ಲೆಕ್ಕವನ್ನು ಅಟಾಮಿಕ್ ಆಗಿ (ಬೇರೆ ಥ್ರೆಡ್ ಮಧ್ಯೆ ಬಾರದ ಹಾಗೆ) ಏರಿಸಬೇಕಾ ಬೇಡವಾ ಅನ್ನುವುದನ್ನೂ ಇದನ್ನೇ ನೋಡಿ ತೀರ್ಮಾನಿಸುತ್ತಿದ್ದರು.

ಡೈನಾಮಿಕ್‌ನಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಲಿಬ್‌ಪಿಥ್ರೆಡ್‌ನ ಶೇರ್ಡ್ ಫೈಲ್ ಲೋಡ್ ಆದರೆ ಇಡೀ ಫೈಲ್ ಬರುತ್ತದೆ, ಅದರಲ್ಲಿರುವ ಎಲ್ಲ ಫಂಕ್ಷನ್‌ಗೂ ವಿಳಾಸ ಸಿಗುತ್ತದೆ. ಸ್ಟ್ಯಾಟಿಕ್‌ನಲ್ಲಿ ಕಥೆ ಬೇರೆ. ಆರ್ಕೈವ್ ಫೈಲ್ ಅಂದರೆ ಸಣ್ಣ ಸಣ್ಣ ಆಬ್ಜೆಕ್ಟ್ ಫೈಲ್‌ಗಳ ಗಂಟು. ಯಾರಾದರೂ ನಿಜವಾಗಿ ಬೇಕು ಅಂತ ಕೇಳಿದ ಚೂರನ್ನು ಮಾತ್ರ ಲಿಂಕರ್ ಎತ್ತಿಕೊಳ್ಳುತ್ತದೆ. ವೀಕ್ ಸಿಂಬಲ್ ಅಂದರೆ ಮದುವೆಗೆ ‘ಬಿಡುವಿದ್ದರೆ ಬನ್ನಿ’ ಅಂತ ಕರೆದ ಹಾಗೆ. ಎದುರು ಮನೆಯವರು ಬಂದಾರು, ಊರಿಂದ ಬಸ್ ಹತ್ತಿ ಯಾರೂ ಬರುವುದಿಲ್ಲ. ಹಾಗಾಗಿ ಪಿಥ್ರೆಡ್_ಕ್ರಿಯೇಟ್ ಬೇರೆ ಯಾವುದೋ ಕಾರಣಕ್ಕೆ ಬೈನರಿ ಒಳಗೆ ಬಂದಿರುತ್ತದೆ, ಅದರ ಹಿಂದೆ ಮ್ಯೂಟೆಕ್ಸ್, ಅಂದರೆ ಲಾಕ್‌ನ ಕೋಡ್ ಕೂಡ ಬಂದಿರುತ್ತದೆ, ಆದರೆ ಕಾಯುತ್ತಿರುವ ಥ್ರೆಡ್ ಅನ್ನು ಎಬ್ಬಿಸುವ ಕಂಡೀಷನ್ ವೇರಿಯಬಲ್‌ನ ಕೋಡ್ ಬಂದಿರುವುದಿಲ್ಲ.

ಇದರ ಫಲ ನೋಡಲು ವಿಚಿತ್ರ. ಕಂಪೈಲ್ ಆಗುತ್ತದೆ, ಲಿಂಕ್ ಆಗುತ್ತದೆ, ಒಂದು ವಾರ್ನಿಂಗ್ ಕೂಡ ಇಲ್ಲ. ಪ್ರೋಗ್ರಾಂ ಓಡುತ್ತದೆ, ಥ್ರೆಡ್ ಹುಟ್ಟುತ್ತದೆ, ಸ್ವಲ್ಪ ಕೆಲಸವನ್ನೂ ಮಾಡುತ್ತದೆ. ಆಮೇಲೆ ಇನ್ನೊಂದು ಥ್ರೆಡ್ ಅನ್ನು ಎಬ್ಬಿಸಲು ನೋಟಿಫೈ ಕರೆದ ತಕ್ಷಣ ಸೆಗ್‌ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸಾಯುತ್ತದೆ. ಜಿಡಿಬಿ ಡೀಬಗರ್‌ನಲ್ಲಿ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ತೆಗೆದರೆ ಮೇಲಿನ ಸಾಲಿನಲ್ಲಿ ಫಂಕ್ಷನ್ ಹೆಸರಿನ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ, ವಿಳಾಸದ ಜಾಗದಲ್ಲಿ ಬರೀ ಸೊನ್ನೆಗಳು. ಪ್ರೋಗ್ರಾಂ ಸೊನ್ನೆ ವಿಳಾಸಕ್ಕೆ ಜಿಗಿದಿದೆ. ನಿಮ್ಮ ಕೋಡ್‌ನಲ್ಲಿ ಒಂದು ನಲ್ ಪಾಯಿಂಟರ್ ಕೂಡ ಇಲ್ಲ. ಅದೇ ಸೋರ್ಸ್ ಅನ್ನು ಡೈನಾಮಿಕ್ ಆಗಿ ಬಿಲ್ಡ್ ಮಾಡಿದರೆ ಏನೂ ಆಗುವುದಿಲ್ಲ. ಈ ಜಾಗದಲ್ಲಿ ಎಷ್ಟೋ ಜನ ತಮ್ಮ ಕೋಡ್‌ನಲ್ಲಿ ರೇಸ್ ಕಂಡೀಷನ್ (ಥ್ರೆಡ್‌ಗಳು ಒಂದರ ಕೆಲಸವನ್ನು ಇನ್ನೊಂದು ಕೆಡಿಸುವ ತಪ್ಪು) ಹುಡುಕುತ್ತಾ ದಿನ ಕಳೆದಿದ್ದಾರೆ.

ಇದಕ್ಕೆ ಎಲ್ಲರೂ ಕೊಡುತ್ತಿದ್ದ ಮದ್ದು ಹೋಲ್-ಆರ್ಕೈವ್ ಫ್ಲ್ಯಾಗ್. ಲಿಬ್‌ಪಿಥ್ರೆಡ್ ಹೆಸರಿನ ಮುಂದೆ ಅದನ್ನು ಹಾಕಿ, ಹಿಂದೆ ನೋ-ಹೋಲ್-ಆರ್ಕೈವ್ ಹಾಕಿದರೆ ಲಿಂಕರ್ ಇಡೀ ಗಂಟನ್ನೇ ಒಳಗೆ ತುಂಬುತ್ತದೆ. ಕೆಲಸ ಆಗುತ್ತದೆ. ಆದರೆ ಬಿಲ್ಡ್ ಫೈಲ್‌ನಲ್ಲಿ ಆ ಸಾಲು ಯಾಕಿದೆ ಅಂತ ಎರಡು ವರ್ಷ ಆದ ಮೇಲೆ ಯಾರಿಗೂ ನೆನಪಿರುವುದಿಲ್ಲ, ಯಾರೋ ‘ಕ್ಲೀನ್’ ಮಾಡುತ್ತಾರೆ, ಕಥೆ ಮತ್ತೆ ಮೊದಲಿಂದ.

ಜಿಲಿಬ್‌ಸಿಯವರು ಕೊನೆಗೂ 2021ರ ಆಗಸ್ಟ್‌ನ 2.34ರಲ್ಲಿ ಲಿಬ್‌ಪಿಥ್ರೆಡ್ ಅನ್ನು ಮುಖ್ಯ ಲೈಬ್ರರಿ ಒಳಗೇ ಸೇರಿಸಿಬಿಟ್ಟರು. ಹಳೆಯ ಮೇಕ್‌ಫೈಲ್‌ಗಳು ಒಡೆಯದಿರಲಿ ಅಂತ ಖಾಲಿ ಆರ್ಕೈವ್ ಒಂದನ್ನು ಮಾತ್ರ ಇಟ್ಟಿದ್ದಾರೆ. ಹೊಸ ಜಿಸಿಸಿ ಕೂಡ 2.34 ಅಥವಾ ಮೇಲಿನದನ್ನು ಕಂಡರೆ ವೀಕ್ ಉಪಾಯ ಬಿಟ್ಟು ನೇರವಾಗಿ ಕರೆಯುತ್ತದೆ. ಸಿಂಗಲ್ ಥ್ರೆಡ್ಡಾ ಅಂತ ನೋಡಲು 2.32ರಲ್ಲಿ ಬಂದ ಬೇರೆ ವೇರಿಯಬಲ್ ಇದೆ. ಅಂದರೆ ಹೊಸ ಡಿಸ್ಟ್ರೋದಲ್ಲಿ ಬಿಲ್ಡ್ ಮಾಡುವವರಿಗೆ ಈ ಕಾಟ ತಪ್ಪಿದೆ. ಹಳೆಯ ಬಿಲ್ಡ್ ಮಷೀನ್ ಇಟ್ಟುಕೊಂಡವರಿಗೆ ಇನ್ನೂ ಇದೆ.

ಮಸಲ್‌ನಲ್ಲಿ ಈ ರಗಳೆ ಇಲ್ಲ. ಅಲ್ಲಿ ಥ್ರೆಡ್ ಕೋಡ್ ಮೊದಲಿನಿಂದಲೂ ಲಿಬ್‌ಸಿ ಒಳಗೇ ಇದೆ. ಡೈನಾಮಿಕ್ ಬಿಲ್ಡ್‌ನಲ್ಲಂತೂ ಲೈಬ್ರರಿಗಳನ್ನು ಎಳೆದು ತರುವ ಲೋಡರ್ ಮತ್ತು ಲಿಬ್‌ಸಿ ಎರಡೂ ಒಂದೇ ಫೈಲ್. ಜಿಸಿಸಿಯನ್ನು ಮಸಲ್‌ಗೆ ಕಟ್ಟಿದಾಗ ಸಿ++ ಲೈಬ್ರರಿ ವೀಕ್ ಸಿಂಬಲ್ ಆಟವನ್ನೇ ಆಡುವುದಿಲ್ಲ. ಈ ಒಂದು ವಿಷಯಕ್ಕೆ ಮಸಲ್‌ಗೆ ಪೂರ್ತಿ ಅಂಕ.

ಈಗ ಸ್ಟ್ಯಾಕ್. ಮಸಲ್‌ನ ಅತಿ ದೊಡ್ಡ ಬೋನು ಇದೇ.

ಜಿಲಿಬ್‌ಸಿಯಲ್ಲಿ ಹೊಸ ಥ್ರೆಡ್‌ಗೆ ಸಿಗುವ ಸ್ಟ್ಯಾಕ್ ಪ್ರೋಗ್ರಾಂ ಶುರುವಾದಾಗ ಇರುವ ಸ್ಟ್ಯಾಕ್ ಮಿತಿಯಷ್ಟು. ಸಾಮಾನ್ಯವಾಗಿ 8 ಎಂಬಿ. ಮಸಲ್‌ನಲ್ಲಿ 128 ಕೆಬಿ. 2019ರ 1.1.21ಕ್ಕೆ ಮುಂಚೆ ಇನ್ನೂ ಕಡಿಮೆ, 80 ಕೆಬಿ. ಒಂದು ಪುಟ್ಟ ಪ್ರೋಗ್ರಾಂ ಬರೆದು ನೋಡಿ: ಒಂದು ಥ್ರೆಡ್, ಅದರ ಫಂಕ್ಷನ್‌ನಲ್ಲಿ 200 ಕೆಬಿಯ ಒಂದು ಲೋಕಲ್ ಅರೇ, ಅದಕ್ಕೆ ಮೆಮ್‌ಸೆಟ್. ಅಷ್ಟೇ. ಜಿಲಿಬ್‌ಸಿಯಲ್ಲಿ ಸಲೀಸಾಗಿ ಓಡುತ್ತದೆ. ಮಸಲ್‌ನಲ್ಲಿ ಸೆಗ್‌ಫಾಲ್ಟ್. ಅದೇ ಫಂಕ್ಷನ್ ಅನ್ನು ಥ್ರೆಡ್ ಇಲ್ಲದೆ ನೇರವಾಗಿ ಮೇನ್‌ನಿಂದ ಕರೆಯಿರಿ, ಮಸಲ್‌ನಲ್ಲೂ ಓಡುತ್ತದೆ! ಯಾಕೆಂದರೆ ಮೊದಲ ಥ್ರೆಡ್‌ನ ಸ್ಟ್ಯಾಕ್ ಕೊಡುವುದು ಕರ್ನಲ್, ಮಸಲ್ ಅಲ್ಲ. ಹಾಗಾಗಿ ‘ನನ್ನ ಯೂನಿಟ್ ಟೆಸ್ಟ್‌ನಲ್ಲಿ ಸರಿಯಾಗಿದೆ, ಸರ್ವರ್‌ನಲ್ಲಿ ಮಾತ್ರ ಸಾಯುತ್ತಿದೆ’ ಅನ್ನುವ ಮಾತು ಕೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ.

ಗಮನಿಸಿ, ಇದು ಸ್ಟ್ಯಾಟಿಕ್ ಲಿಂಕಿಂಗ್‌ನ ತಪ್ಪಲ್ಲ. ಆಲ್ಪೈನ್‌ನಲ್ಲಿ ಡೈನಾಮಿಕ್ ಆಗಿ ಬಿಲ್ಡ್ ಮಾಡಿದರೂ ಅದೇ 128 ಕೆಬಿ. ಪೈಥಾನ್‌ನವರು ಇದನ್ನು ಚೆನ್ನಾಗಿ ಉಂಡಿದ್ದಾರೆ. ಥ್ರೆಡ್ ಒಳಗೆ ಆಳವಾಗಿ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಮಾಡಿದರೆ, ರಿಕರ್ಷನ್ ಎರರ್ ಬರಬೇಕಾದ ಮಿತಿ ಮುಟ್ಟುವ ಮುಂಚೆಯೇ ಆಲ್ಪೈನ್‌ನಲ್ಲಿ ಇಂಟರ್‌ಪ್ರಿಟರ್ರೇ ಬಿದ್ದುಹೋಗುತ್ತಿತ್ತು. ಆ ಪೈಥಾನ್ ಸ್ಟ್ಯಾಟಿಕ್ ಅಲ್ಲ.

ರಿಪೇರಿ ಸುಲಭ. ಸಿ ಕೋಡ್ ಆದರೆ ಥ್ರೆಡ್ ಹುಟ್ಟಿಸುವಾಗಲೇ ಆಟ್ರಿಬ್ಯೂಟ್‌ನಲ್ಲಿ ಸ್ಟ್ಯಾಕ್ ಸೈಜ್ ಹೇಳಿ. ಸಿ++ನ ಸ್ಟ್ಯಾಂಡರ್ಡ್ ಥ್ರೆಡ್‌ನಲ್ಲಿ ಹಾಗೆ ಹೇಳಲು ದಾರಿಯೇ ಇಲ್ಲ, ಅದು ಸಿ++ನವರ ಕೃಪೆ. ಅದಕ್ಕೆ ಲಿಂಕರ್ ಫ್ಲ್ಯಾಗ್ ಇದೆ: ‘ಜೆಡ್ ಸ್ಟ್ಯಾಕ್-ಸೈಜ್’ ಕೊಟ್ಟು 1 ಎಂಬಿಯೋ 2 ಎಂಬಿಯೋ ಬರೆದರೆ, ಅದು ಬೈನರಿಯ ಹೆಡರ್‌ನಲ್ಲಿ ಕೂರುತ್ತದೆ, 1.1.21ರಿಂದ ಈಚೆಗಿನ ಮಸಲ್ ಅದನ್ನು ಓದಿ ಎಲ್ಲ ಹೊಸ ಥ್ರೆಡ್‌ಗೂ ಅಷ್ಟು ಕೊಡುತ್ತದೆ. 8 ಎಂಬಿಗಿಂತ ಜಾಸ್ತಿ ಏರಿಸಲು ಬಿಡುವುದಿಲ್ಲ. ನಾನು 2 ಎಂಬಿ ಹಾಕುತ್ತೇನೆ. ಇದೊಂದು ಸಾಲು ಬಿಲ್ಡ್ ಫೈಲ್‌ನಲ್ಲಿ ಇದ್ದರೆ ಮಸಲ್ ಮೇಲಿನ ದೂರುಗಳಲ್ಲಿ ಒಂದು ದೊಡ್ಡ ಭಾಗ ಇಲ್ಲವಾಗುತ್ತದೆ.

128 ಕೆಬಿ ಅಂತ ಯಾಕೆ ಇಟ್ಟರು ಅಂದರೆ, ಅದಕ್ಕೂ ಅರ್ಥ ಇದೆ. 8 ಎಂಬಿ ಅನ್ನುವುದು ಬರೀ ವಿಳಾಸದ ಕಾಯ್ದಿರಿಸುವಿಕೆ, ಮುಟ್ಟಿದಷ್ಟಕ್ಕೆ ಮಾತ್ರ ನಿಜವಾದ ಮೆಮೊರಿ ಹೋಗುತ್ತದೆ. 64 ಬಿಟ್ ಸರ್ವರ್‌ನಲ್ಲಿ ಸಾವಿರ ಥ್ರೆಡ್‌ಗೆ 8 ಜಿಬಿ ವಿಳಾಸ ಹೋದರೂ ಯಾರೂ ಕೇಳುವುದಿಲ್ಲ. ಆದರೆ 32 ಬಿಟ್ ರೂಟರ್‌ನಲ್ಲಿ ಪ್ರೋಗ್ರಾಂಗೆ ಸಿಗುವುದೇ 2 ಅಥವಾ 3 ಜಿಬಿ ವಿಳಾಸ, ಅಲ್ಲಿ ನಾಲ್ಕುನೂರು ಥ್ರೆಡ್ ಕೂಡ ಹಿಡಿಸುವುದಿಲ್ಲ. ಮಸಲ್ ಅಂಥ ಸಣ್ಣ ಸಾಮಾನುಗಳನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದೆ. ಅಂದಹಾಗೆ ಜಿಲಿಬ್‌ಸಿಯಲ್ಲೂ ಒಂದು ತಮಾಷೆ ಇದೆ. ‘ಯೂಲಿಮಿಟ್’ನಲ್ಲಿ ಸ್ಟ್ಯಾಕ್ ಮಿತಿಯನ್ನು ಅನ್‌ಲಿಮಿಟೆಡ್ ಮಾಡಿದರೆ ಎಕ್ಸ್86-64ರಲ್ಲಿ ಹೊಸ ಥ್ರೆಡ್‌ನ ಸ್ಟ್ಯಾಕ್ 8ರಿಂದ 2 ಎಂಬಿಗೆ ಇಳಿಯುತ್ತದೆ. ಮ್ಯಾನ್ ಪೇಜ್‌ನಲ್ಲೇ ಬರೆದಿದೆ, ಯಾರೂ ಓದುವುದಿಲ್ಲ.

ಇನ್ನೊಂದು ಸಣ್ಣ ವ್ಯತ್ಯಾಸ, ಇದರಲ್ಲಿ ಮಸಲ್‌ನದೇ ಸರಿ. ಥ್ರೆಡ್ ಲೋಕಲ್ ವೇರಿಯಬಲ್‌ಗಳಿಗೆ (ಪ್ರತಿ ಥ್ರೆಡ್‌ಗೂ ತನ್ನದೇ ಪ್ರತಿ ಇರುವ ವೇರಿಯಬಲ್‌ಗಳಿಗೆ) ಬೇಕಾದ ಜಾಗವನ್ನು ಜಿಲಿಬ್‌ಸಿ ನೀವು ಕೇಳಿದ ಸ್ಟ್ಯಾಕ್ ಒಳಗಿನಿಂದಲೇ ಕತ್ತರಿಸಿಕೊಳ್ಳುತ್ತದೆ. 64 ಕೆಬಿ ಸ್ಟ್ಯಾಕ್ ಕೇಳಿ, ಯಾವುದೋ ಲೈಬ್ರರಿ 50 ಕೆಬಿ ಥ್ರೆಡ್ ಲೋಕಲ್ ಇಟ್ಟಿದ್ದರೆ, ನಿಮಗೆ ಉಳಿಯುವುದು ಚೂರುಪಾರು. ಮಸಲ್ ತಾನೇ ಸ್ಟ್ಯಾಕ್ ಕೊಡುವಾಗ ಆ ಜಾಗವನ್ನು ನೀವು ಕೇಳಿದ್ದರ ಮೇಲೆ ಹೆಚ್ಚುವರಿಯಾಗಿ ಕೊಡುತ್ತದೆ. ಕೇಳಿದಷ್ಟು ಕೇಳಿದ ಹಾಗೆ ಸಿಗುತ್ತದೆ.

ಥ್ರೆಡ್ ಲೋಕಲ್ ಮಾತು ಬಂತಲ್ಲ, ಸ್ಟ್ಯಾಟಿಕ್ ನಿಜವಾಗಿ ಗೆಲ್ಲುವ ಜಾಗ ಇದು. ಇಲ್ಲಿ ಮಸಲ್ ಜಿಲಿಬ್‌ಸಿ ಭೇದ ಇಲ್ಲ, ಎಲ್ಲ ಲಿಂಕಿಂಗ್‌ನ ಗುಣ. ಬೈನರಿ ಸ್ಟ್ಯಾಟಿಕ್ ಆಗಿದ್ದರೆ ಪ್ರತಿ ಥ್ರೆಡ್ ಲೋಕಲ್ ವೇರಿಯಬಲ್ ಎಲ್ಲಿ ಕೂರುತ್ತದೆ ಅಂತ ಲಿಂಕರ್‌ಗೆ ಮೊದಲೇ ಗೊತ್ತು. ಎಕ್ಸ್86-64ರಲ್ಲಿ ಎಫ್‌ಎಸ್ ರಿಜಿಸ್ಟರ್‌ನಿಂದ ಇಷ್ಟು ದೂರ ಅಂತ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಸಿಗುತ್ತದೆ. ಶೇರ್ಡ್ ಲೈಬ್ರರಿ ಒಳಗಿನ ವೇರಿಯಬಲ್ ಆದರೆ, ಆ ಲೈಬ್ರರಿ ಯಾವಾಗ ಲೋಡ್ ಆಗುತ್ತದೋ ಗೊತ್ತಿಲ್ಲವಾದ್ದರಿಂದ, ಸಾಮಾನ್ಯವಾಗಿ ವಿಳಾಸ ಹುಡುಕಿ ಕೊಡುವ ಒಂದು ಫಂಕ್ಷನ್ ಅನ್ನು ಕರೆದು ಕೇಳಬೇಕು. ಬಿಗಿಯಾದ ಲೂಪ್‌ನಲ್ಲಿ ಥ್ರೆಡ್‌ಗೊಂದು ಕೌಂಟರ್ ಏರಿಸುವ ಕೋಡ್ ಇದ್ದರೆ ಈ ವ್ಯತ್ಯಾಸ ಅಳತೆಗೆ ಸಿಗುತ್ತದೆ. ಬೇರೆ ಕಡೆ ಇದಕ್ಕಾಗಿ ಸ್ಟ್ಯಾಟಿಕ್ ಮಾಡುವುದು ದಂಡ.

ಡೈನಾಮಿಕ್‌ನಲ್ಲಿ ಇದರದ್ದೇ ಇನ್ನೊಂದು ತಲೆನೋವು ಇದೆ. ‘ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕ್‌ನಲ್ಲಿ ಮೆಮೊರಿ ಕೊಡಲಾಗಲಿಲ್ಲ’ (ಟಿಎಲ್‌ಎಸ್ ಅಂದರೆ ಥ್ರೆಡ್ ಲೋಕಲ್ ಜಾಗ) ಅನ್ನುವ ಎರರ್ ನೋಡಿದ್ದೀರಾ? ರಾಸ್ಪ್‌ಬೆರಿ ಪೈ ಅಥವಾ ಜೆಟ್ಸನ್‌ನಂಥ ಆರ್ಮ್ ಬೋರ್ಡ್ ಮೇಲೆ ಪೈಥಾನ್‌ನಲ್ಲಿ ಓಪನ್‌ಸಿವಿಯೋ ಸೈಕಿಟ್-ಲರ್ನೋ ಇಂಪೋರ್ಟ್ ಮಾಡುವವರು ನೋಡಿಯೇ ಇರುತ್ತಾರೆ. ಲಿಬ್‌ಗಾಂಪ್‌ನಂಥ ಲೈಬ್ರರಿ ವೇಗಕ್ಕಾಗಿ ತನ್ನ ವೇರಿಯಬಲ್‌ಗಳನ್ನು ಮೊದಲೇ ಕಾದಿರಿಸಿದ ಜಾಗದಲ್ಲಿ ಇಡಲು ಕೇಳುತ್ತದೆ, ತಡವಾಗಿ ಲೋಡ್ ಆದರೆ ಆ ಜಾಗ ಅಷ್ಟರಲ್ಲಿ ತುಂಬಿಹೋಗಿರುತ್ತದೆ. ಎಲ್‌ಡಿ ಪ್ರೀಲೋಡ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೆಸರು ಕೊಟ್ಟು ಅದನ್ನು ಮೊದಲೇ ಎಳೆದುಕೊಂಡರೆ ಸರಿಹೋಗುತ್ತದೆ. ಹೊಸ ಜಿಲಿಬ್‌ಸಿಯಲ್ಲಿ ಜಾಗ ಹೆಚ್ಚಿಸಿಕೊಳ್ಳಲು ಟ್ಯೂನಬಲ್ ಕೂಡ ಇದೆ. ಪೂರ್ತಿ ಸ್ಟ್ಯಾಟಿಕ್ ಬೈನರಿಯಲ್ಲಿ ತಡವಾಗಿ ಬರುವವರು ಯಾರೂ ಇಲ್ಲ, ಹಾಗಾಗಿ ಈ ಎರರ್ರೂ ಇಲ್ಲ.

ಮ್ಯಾಲಾಕ್‌ಗೆ ಬರೋಣ. ಇಲ್ಲಿ ಮಸಲ್‌ಗೆ ಅಂಕ ಕಟ್.

2020ರ 1.2.1ರಿಂದ ಮಸಲ್‌ನಲ್ಲಿ ಹೊಸ ಮ್ಯಾಲಾಕ್ ಇದೆ, ಮ್ಯಾಲಾಕ್-ಎನ್‌ಜಿ. ಭದ್ರತೆ ಚೆನ್ನಾಗಿದೆ, ಮೆಮೊರಿ ಪೋಲು ಮಾಡುವುದಿಲ್ಲ. ಆದರೆ ಇಡೀ ಪ್ರೋಗ್ರಾಂಗೆ ಒಂದೇ ಲಾಕ್. ಒಂದೇ ಥ್ರೆಡ್ ಇರುವವರೆಗೂ ಆ ಲಾಕ್ ಅನ್ನು ಮುಟ್ಟುವುದಿಲ್ಲ, ಅಲ್ಲಿಯವರೆಗೆ ಪರವಾಗಿಲ್ಲ. ಎರಡನೇ ಥ್ರೆಡ್ ಹುಟ್ಟಿತೋ, ಪ್ರತಿ ಮ್ಯಾಲಾಕ್‌ಗೂ ಎಲ್ಲ ಥ್ರೆಡ್‌ಗಳೂ ಒಂದೇ ಬಾಗಿಲಲ್ಲಿ ನಿಲ್ಲಬೇಕು. ಸ್ಟ್ರಿಂಗ್‌ಗಳನ್ನು ಹುಟ್ಟಿಸಿ ಸಾಯಿಸುತ್ತಲೇ ಇರುವ ಸಿ++ ಸರ್ವರ್ ಇದ್ದರೆ, ಥ್ರೆಡ್ ಜಾಸ್ತಿ ಮಾಡಿದಷ್ಟೂ ನಿಧಾನವಾಗುವುದನ್ನು ಕಣ್ಣಾರೆ ನೋಡಬಹುದು. ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಪರ್ಫ್ ಹಾಕಿದರೆ ಮೇಲಿನ ಸಾಲುಗಳೆಲ್ಲ ಫ್ಯೂಟೆಕ್ಸ್. ಸಿಪಿಯು ಕೋರ್‌ಗಳು ಇವೆ, ಕೆಲಸ ಮಾತ್ರ ಆಗುತ್ತಿಲ್ಲ.

ಜಿಲಿಬ್‌ಸಿ ಇಲ್ಲಿ ಮೆಮೊರಿ ಖರ್ಚು ಮಾಡಿ ವೇಗ ಕೊಳ್ಳುತ್ತದೆ. 64 ಬಿಟ್‌ನಲ್ಲಿ ಕೋರ್‌ಗೆ ಎಂಟರ ಲೆಕ್ಕದವರೆಗೂ ಅರೇನಾಗಳನ್ನು (ಬೇರೆ ಬೇರೆ ಲಾಕ್ ಇರುವ ಮೆಮೊರಿ ಉಗ್ರಾಣಗಳನ್ನು) ತೆರೆಯುತ್ತದೆ, 2017ರ 2.26ರಿಂದ ಪ್ರತಿ ಥ್ರೆಡ್‌ಗೂ ತನ್ನದೇ ಪುಟ್ಟ ಕ್ಯಾಷ್ ಇದೆ. ಅದಕ್ಕೆ ವೇಗ. ಅದಕ್ಕೇ ಮೆಮೊರಿ ಊದಿಕೊಳ್ಳುತ್ತದೆ, ಕಂಟೇನರ್ ಮಿತಿ ದಾಟಿ ಓಒಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಗ್ರಾಂ ಅನ್ನು ಕೊಲ್ಲುವ ಕರ್ನಲ್ ಭಾಗ) ಬಂದು ಹೋಗುತ್ತದೆ, ಜನ ಅರೇನಾ ಮಿತಿಯನ್ನು 2 ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬರೆದು ಉಸಿರಾಡುತ್ತಾರೆ.

ಇದೂ ಲೈಬ್ರರಿಯ ಗುಣವೇ, ಸ್ಟ್ಯಾಟಿಕ್‌ನದಲ್ಲ. ಆದರೆ ರಿಪೇರಿ ಮಾಡುವ ದಾರಿಯಲ್ಲಿ ಸ್ಟ್ಯಾಟಿಕ್ ಅಡ್ಡ ಬರುತ್ತದೆ. ಡೈನಾಮಿಕ್ ಆದರೆ ಎಲ್‌ಡಿ ಪ್ರೀಲೋಡ್‌ನಲ್ಲಿ ಜೆಇಮ್ಯಾಲಾಕ್ ಅಥವಾ ಮಿಮ್ಯಾಲಾಕ್ ಅನ್ನುವ ಬೇರೆ ಮ್ಯಾಲಾಕ್ ಹಾಕಿ, ಮತ್ತೆ ಬಿಲ್ಡ್ ಮಾಡದೆ ನೋಡಬಹುದು. ಸ್ಟ್ಯಾಟಿಕ್ ಬೈನರಿಗೆ ಲೋಡರ್ ಇಲ್ಲ, ಪ್ರೀಲೋಡ್ ಅನ್ನು ಓದುವವರೇ ಇಲ್ಲ. ವೇರಿಯಬಲ್ ಸೆಟ್ ಮಾಡಿ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಅಂತ ವರದಿ ಬರೆಯುವವರೂ ಇದ್ದಾರೆ! ಲಿಂಕ್ ಮಾಡುವಾಗಲೇ ಮಿಮ್ಯಾಲಾಕ್‌ನ ಆಬ್ಜೆಕ್ಟ್ ಫೈಲ್ ಅನ್ನು ಲಿಬ್‌ಸಿಗಿಂತ ಮುಂಚೆ ಕೊಡಬೇಕು. ಮ್ಯಾಲಾಕ್ ಬದಲಾಯಿಸಲು ಮಸಲ್ 2018ರ 1.1.20ರಿಂದ ಅನುಮತಿ ಕೊಟ್ಟಿದೆ. ಥ್ರೆಡ್ ಜಾಸ್ತಿ ಇರುವ, ಮೆಮೊರಿ ಜಾಸ್ತಿ ಓಡಾಡಿಸುವ ಪ್ರೋಗ್ರಾಂ ಆದರೆ ಇದನ್ನು ಮಾಡದೆ ಮಸಲ್ ಬಳಸಬೇಡಿ. ಥ್ರೆಡ್‌ಗಳು ಹೆಚ್ಚಾಗಿ ಸಾಕೆಟ್ ಮೇಲೆ ಕಾಯುತ್ತಾ ಕೂರುವ ಪ್ರೋಗ್ರಾಂ ಆದರೆ ಏನೂ ಮಾಡುವುದು ಬೇಡ.

ಪ್ಲಗಿನ್ ಇರುವವರಿಗೆ ಒಂದು ಮಾತು. ಸ್ಟ್ಯಾಟಿಕ್ ಮಸಲ್ ಬೈನರಿಯಲ್ಲಿ ಓಡುವಾಗ ಲೈಬ್ರರಿ ತೆರೆಯುವ ಡಿಎಲ್‌ಓಪನ್ ಕರೆದರೆ ‘ಡೈನಾಮಿಕ್ ಲೋಡಿಂಗ್‌ಗೆ ಬೆಂಬಲ ಇಲ್ಲ’ ಅಂತ ನೇರವಾಗಿ ಹೇಳಿ ಕೈ ಎತ್ತುತ್ತದೆ. ಸ್ಟ್ಯಾಟಿಕ್ ಜಿಲಿಬ್‌ಸಿ ಹಾಗೆ ಮಾಡುವುದಿಲ್ಲ. ಲಿಂಕ್ ಮಾಡುವಾಗ ಒಂದು ವಾರ್ನಿಂಗ್ ಕೊಟ್ಟು, ಓಡುವಾಗ ಅದೇ ವರ್ಷನ್‌ನ ಶೇರ್ಡ್ ಲೈಬ್ರರಿಗಳು ಆ ಮಷೀನ್‌ನಲ್ಲಿ ಇರಲಿ ಅನ್ನುತ್ತದೆ. ಹೋಸ್ಟ್ ಹೆಸರು ಹುಡುಕುವ ಗೆಟ್‌ಅಡ್ರ್‌ಇನ್ಫೋಗೂ ಅದೇ ವಾರ್ನಿಂಗ್. ಅಂದರೆ ನಿಮ್ಮ ಸ್ಟ್ಯಾಟಿಕ್ ಬೈನರಿ ಒಳಗೆ ಒಂದು ಲಿಬ್‌ಸಿ, ಅದು ಎಳೆದು ತಂದ ಲೈಬ್ರರಿಯ ಜೊತೆ ಇನ್ನೊಂದು ಲಿಬ್‌ಸಿ, ಮಧ್ಯೆ ನಿಮ್ಮ ಥ್ರೆಡ್‌ಗಳು. ಇದಕ್ಕಿಂತ ‘ಆಗಲ್ಲ’ ಅನ್ನುವ ಮಸಲ್‌ನ ಒರಟುತನವೇ ನನಗೆ ಇಷ್ಟ. ಮಸಲ್‌ನ ಸ್ವಂತ ಡಿಎನ್‌ಎಸ್ ಕೋಡ್‌ಗೆ ಹೊರಗಿನ ಲೈಬ್ರರಿ ಬೇಡ. 2023ರ 1.2.4ರಲ್ಲಿ ಟಿಸಿಪಿ ಬೆಂಬಲವೂ ಬಂದ ಮೇಲೆ ದೊಡ್ಡ ಉತ್ತರಗಳ ಹಳೆಯ ತಕರಾರು ಕೂಡ ಹೋಗಿದೆ.

ಓಡುತ್ತಿರುವ ಥ್ರೆಡ್ ಅನ್ನು ಹೊರಗಿನಿಂದ ನಿಲ್ಲಿಸುವ ಪಿಥ್ರೆಡ್_ಕ್ಯಾನ್ಸಲ್ ಬಳಸುವವರು ಈಗಲೂ ಇದ್ದಾರಾ? ಇದ್ದರೆ ಕೇಳಿ. ಜಿಲಿಬ್‌ಸಿಯಲ್ಲಿ ಥ್ರೆಡ್ ಅನ್ನು ಕ್ಯಾನ್ಸಲ್ ಮಾಡಿದರೆ ಸ್ಟ್ಯಾಕ್ ಬಿಚ್ಚಿಕೊಳ್ಳುತ್ತಾ ಸಿ++ ಡಿಸ್ಟ್ರಕ್ಟರ್‌ಗಳು (ಕೊನೆಯಲ್ಲಿ ಸ್ವಚ್ಛ ಮಾಡುವ ಕೋಡ್) ಓಡುತ್ತವೆ. ಮಸಲ್‌ನಲ್ಲಿ ಓಡುವುದಿಲ್ಲ. ಲಾಕ್ ಗಾರ್ಡ್ ಹಿಡಿದಿದ್ದ ಲಾಕ್ ಹಾಗೇ ಬೀಗ ಹಾಕಿಕೊಂಡು ಕೂರುತ್ತದೆ. ಕ್ಯಾನ್ಸಲ್ ಬಿಟ್ಟು ಒಂದು ಫ್ಲ್ಯಾಗ್ ನೋಡಿ ನಿಲ್ಲುವ ಹಾಗೆ ಬರೆಯಿರಿ, ಅಷ್ಟೇ.

ಡೀಬಗ್ ಮಾಡುವ ಸಾಮಾನುಗಳ ವಿಷಯದಲ್ಲಿ ಸ್ಟ್ಯಾಟಿಕ್ ನಿಜಕ್ಕೂ ಬಡವ. ರೇಸ್ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಸ್ಟ್ಯಾಟಿಕ್ ಲಿಂಕಿಂಗ್‌ಗೆ ಬೆಂಬಲ ಕೊಡುವುದಿಲ್ಲ. ಅದೇ ಕೆಲಸದ, ವಾಲ್‌ಗ್ರೈಂಡ್‌ನ ಹೆಲ್‌ಗ್ರೈಂಡ್ ಶೇರ್ಡ್ ಲೈಬ್ರರಿಯ ಪಿಥ್ರೆಡ್ ಫಂಕ್ಷನ್‌ಗಳ ಮೇಲೆ ತನ್ನದನ್ನು ಹೊದಿಸಿ ನೋಡುತ್ತದೆ, ಸ್ಟ್ಯಾಟಿಕ್‌ನಲ್ಲಿ ಹೊದಿಸಲು ಅದಕ್ಕೆ ಏನೂ ಕಾಣುವುದಿಲ್ಲ. ಜಿಡಿಬಿಯಲ್ಲಿ ಥ್ರೆಡ್‌ಗಳ ಪಟ್ಟಿ ಬರುತ್ತದೆ, ಬ್ಯಾಕ್‌ಟ್ರೇಸ್ ಬರುತ್ತದೆ, ಆದರೆ ಮಸಲ್‌ನಲ್ಲಿ ಥ್ರೆಡ್ ಲೋಕಲ್ ವೇರಿಯಬಲ್ ಪ್ರಿಂಟ್ ಮಾಡಲು ಹೋದರೆ ಸಿಗುವುದಿಲ್ಲ, ಜಿಡಿಬಿಗೆ ಬೇಕಾದ ಲಿಬ್‌ಥ್ರೆಡ್_ಡಿಬಿ ಮಸಲ್‌ನಲ್ಲಿ ಇಲ್ಲ. ಆದ್ದರಿಂದ ಎರಡು ಬಿಲ್ಡ್ ಇಟ್ಟುಕೊಳ್ಳಿ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆಯಲ್ಲಿ) ಡೈನಾಮಿಕ್ ಜಿಲಿಬ್‌ಸಿ ಬಿಲ್ಡ್ ಮೇಲೆ ಥ್ರೆಡ್ ಸ್ಯಾನಿಟೈಸರ್ ಓಡಿಸಿ ರೇಸ್‌ಗಳನ್ನು ಹಿಡಿಯಿರಿ, ಹೊರಗೆ ಕಳಿಸುವ ಸ್ಟ್ಯಾಟಿಕ್ ಮಸಲ್ ಬಿಲ್ಡ್ ಮೇಲೆ ಲೋಡ್ ಟೆಸ್ಟ್ ಓಡಿಸಿ. ಒಂದರಲ್ಲಿ ಪಾಸ್ ಆಗಿದ್ದಕ್ಕೆ ಇನ್ನೊಂದನ್ನು ಬಿಡಬೇಡಿ, ಮೇಲೆ ಹೇಳಿದ 200 ಕೆಬಿ ಅರೇ ಅಂಥದ್ದು ಮೊದಲನೆಯದರಲ್ಲಿ ಯಾವತ್ತೂ ಸಿಗುವುದಿಲ್ಲ.

ರಸ್ಟ್‌ನವರಿಗೆ ಇದರಲ್ಲಿ ಅರ್ಧ ಚಿಂತೆ ಇಲ್ಲ. ರಸ್ಟ್‌ನ ಸ್ಟ್ಯಾಂಡರ್ಡ್ ಥ್ರೆಡ್ ತಾನೇ 2 ಎಂಬಿ ಸ್ಟ್ಯಾಕ್ ಕೇಳಿ ಪಡೆಯುತ್ತದೆ, ಮಸಲ್‌ನ 128 ಕೆಬಿಗೆ ಸಿಕ್ಕಿಬೀಳುವುದಿಲ್ಲ. ಮ್ಯಾಲಾಕ್ ಚಿಂತೆ ಮಾತ್ರ ಹಾಗೇ ಇದೆ, ಅಲ್ಲೂ ಅಲೊಕೇಟರ್ ಬದಲಾಯಿಸಿ. ಗೋ ಭಾಷೆಯವರು ಸಿ-ಗೋ (ಸಿ ಕೋಡ್ ಕರೆಯುವ ಸೌಲಭ್ಯ) ಆಫ್ ಮಾಡಿದ್ದರೆ ಈ ರಿವ್ಯೂ ಅವರಿಗಲ್ಲ. ಗೋ ರನ್‌ಟೈಮ್ ನೇರವಾಗಿ ಕ್ಲೋನ್ ಕರೆಯುತ್ತದೆ, ಲಿಬ್‌ಸಿ ಮುಟ್ಟುವುದೇ ಇಲ್ಲ. ಸಿ-ಗೋ ಆನ್ ಇದ್ದರೆ ಥ್ರೆಡ್‌ಗಳು ಪಿಥ್ರೆಡ್ ಮೂಲಕವೇ ಹುಟ್ಟುತ್ತವೆ, ವಾಪಸ್ ಬಂದು ಓದಿ.

ತರಿಸಿಕೊಳ್ಳುವುದು ಹೇಗೆ? ಡೆಬಿಯನ್, ಉಬುಂಟುನಲ್ಲಿ ಸಿಗುವ ಮಸಲ್-ಜಿಸಿಸಿ ರ‍್ಯಾಪರ್ ಸಿ ಕೋಡ್‌ಗೆ ಮಾತ್ರ ಸಾಕು. ಸಿ++ ಆದರೆ ಅದನ್ನು ಮುಟ್ಟಬೇಡಿ, ಜಿಲಿಬ್‌ಸಿಗೆ ಕಟ್ಟಿದ ಸಿ++ ಲೈಬ್ರರಿಯನ್ನು ಮಸಲ್ ಜೊತೆ ಬೆರೆಸಿದರೆ ರಗಳೆ ಗ್ಯಾರಂಟಿ. ಆಲ್ಪೈನ್ ಕಂಟೇನರ್ ಒಳಗೆ ಬಿಲ್ಡ್ ಮಾಡುವುದು ಎಲ್ಲಕ್ಕಿಂತ ಸುಲಭ. ಬೇರೆ ಸಿಪಿಯುಗೆ ಬಿಲ್ಡ್ ಮಾಡಬೇಕಾದರೆ ಮಸಲ್-ಕ್ರಾಸ್-ಮೇಕ್ ಇದೆ. ಜಿಗ್ ಕಂಪೈಲರ್ ಜೊತೆಗೇ ಮಸಲ್ ಬರುತ್ತದೆ, ಟಾರ್ಗೆಟ್ ಹೆಸರಲ್ಲಿ ಮಸಲ್ ಅಂತ ಬರೆದರೆ ಆಯ್ತು, ಪ್ರಯೋಗಕ್ಕೆ ತುಂಬಾ ಅನುಕೂಲ.

ಬೆಲೆಯ ಮಾತು ಅಂದರೆ ಇಲ್ಲಿ ಲೈಸೆನ್ಸ್. ಜಿಲಿಬ್‌ಸಿ ಎಲ್‌ಜಿಪಿಎಲ್ ಅಡಿ ಇದೆ. ಸೋರ್ಸ್ ಕೊಡದ ಪ್ರಾಡಕ್ಟ್ ಅನ್ನು ಅದರ ಜೊತೆ ಸ್ಟ್ಯಾಟಿಕ್ ಮಾಡಿ ಮಾರಿದರೆ, ಕೊಂಡವರು ಮತ್ತೆ ಲಿಂಕ್ ಮಾಡಿಕೊಳ್ಳುವ ಹಾಗೆ ಆಬ್ಜೆಕ್ಟ್ ಫೈಲ್‌ಗಳನ್ನು ಒದಗಿಸಬೇಕಾಗುತ್ತದೆ. ಮಸಲ್‌ನ ಎಂಐಟಿಯಲ್ಲಿ ಆ ಕಟ್ಟುಪಾಡು ಇಲ್ಲ. ಕಂಪನಿಯ ವಕೀಲರನ್ನು ಒಪ್ಪಿಸಲು ಥ್ರೆಡ್ ಸ್ಟ್ಯಾಕ್ ಕಥೆಗಿಂತ ಇದೊಂದು ಸಾಲು ಬೇಗ ಕೆಲಸ ಮಾಡುತ್ತದೆ.

ಡಾಕ್ಯುಮೆಂಟೇಷನ್‌ಗೆ ಐದಕ್ಕೆ ಎರಡೂವರೆ. ಮ್ಯಾನ್ಯುಯಲ್ ತೆಳ್ಳಗಿದೆ. ಜಿಲಿಬ್‌ಸಿಗೂ ಮಸಲ್‌ಗೂ ಇರುವ ನಡವಳಿಕೆಯ ವ್ಯತ್ಯಾಸಗಳ ಬಗ್ಗೆ ವಿಕಿಯಲ್ಲಿ ಒಂದು ಪುಟ ಇದೆ, ಬಳಸುವ ಮುಂಚೆ ಅದನ್ನು ಓದಲೇಬೇಕು. ಅಲ್ಲೂ ಸಿಗದಿದ್ದರೆ ಸೋರ್ಸ್ ತೆಗೆಯಿರಿ. ಥ್ರೆಡ್ ಹುಟ್ಟಿಸುವ ಕೋಡ್ ಇರುವ ಫೈಲ್ ಕೆಲವು ನೂರು ಸಾಲು ಅಷ್ಟೇ. ಸ್ಟ್ಯಾಕ್ ಎಲ್ಲಿಂದ ಬರುತ್ತದೆ, ಗಾರ್ಡ್ ಪೇಜ್ ಎಲ್ಲಿ ಕೂರುತ್ತದೆ, ಥ್ರೆಡ್ ಲೋಕಲ್ ಜಾಗವನ್ನು ಎಲ್ಲಿ ಕೂಡಿಸುತ್ತಾರೆ, ಎಲ್ಲ ಒಂದೇ ಕಡೆ ಇದೆ, ಕಾಫಿ ಕುಡಿಯುತ್ತಾ ಓದಿ ಮುಗಿಸಬಹುದು. ಜಿಲಿಬ್‌ಸಿಯ ಅದೇ ಭಾಗವನ್ನು ಓದಲು ಕೂತರೆ ಮಧ್ಯಾಹ್ನದ ಊಟಕ್ಕೂ ಏಳೋಕಾಗಲ್ಲ.